ಹಿಮ ಮೆತ್ತಗಾಗುವ ಮೊದಲು

ಮಾರ್ಚ್ ಬಂತೆಂದರೆ ಮಸ್ಕತ್‌ನವರೆಲ್ಲ ಏಸಿ ಸರ್ವೀಸ್ ಮಾಡಿಸುವ ಗಡಿಬಿಡಿಯಲ್ಲಿರುತ್ತಾರೆ. ನಾನು ಕೂತು ಹಿಮದ ವರದಿ ಓದುತ್ತಿರುತ್ತೇನೆ. "ಇವತ್ತು ನಿಮ್ಮಲ್ಲಿ ಎಷ್ಟು ಅಡಿ ಬಿತ್ತು ಮಾರಾಯ್ರೆ?" ಎಂದು ಆಫೀಸಿನಲ್ಲಿ ಪಕ್ಕದ ಮೇಜಿನ ಉಪ್ಪಿನಂಗಡಿಯ ಗೆಳೆಯ ಕೇಳುತ್ತಾನೆ. ನಗುವುದು ಅವನಿಗೆ ಸುಲಭ. ಅವನ ಮಗಳು ಸಲಾಲಾದಲ್ಲಿದ್ದಾಳೆ, ಬೇಕೆಂದಾಗ ಹೋಗಿ ನೋಡಿ ಬರಬಹುದು. ನನ್ನ ಮಗಳು ಹಿಮಾಚಲದ ಒಂದು ಕಣಿವೆಯಲ್ಲಿದ್ದಾಳೆ. ಬೆಟ್ಟದ ಹಿಮವನ್ನು ಅಗೆದು, ಪದರ ಪದರವಾಗಿ ಪರೀಕ್ಷಿಸಿ, ಯಾವ ಇಳಿಜಾರು ಯಾವಾಗ ಜಾರೀತು ಎಂದು ಕೆಳಗಿನ ಊರಿನವರಿಗೆ ತಿಳಿಸುವ ಕೆಲಸ ಅವಳದು. ಇಲ್ಲೇ ಬೆಳೆದ ಹುಡುಗಿ. ಇಪ್ಪತ್ತು ವರ್ಷದವರೆಗೆ ಅವಳು ಕಂಡ ಹಿಮವೆಂದರೆ ನಮ್ಮ ಫ್ರೀಜರಿನದು.

ಅವಳಿಲ್ಲದ ಮನೆ ನನಗೆ ಸೇರುವುದಿಲ್ಲ. ಹೆಂಡತಿಯ ಹತ್ತಿರ ಹೇಳಿದರೆ, "ಇದ್ದಾಗ ದಿನಾ ಜಗಳ ಆಡ್ತಿದ್ರಿ" ಎನ್ನುತ್ತಾಳೆ. ಜಗಳಕ್ಕಾದರೂ ಬೇಕಲ್ಲ. ಶುಕ್ರವಾರ ನಮಗೆ ರಜೆ. ಹತ್ತು ಗಂಟೆಗೆ ನಾನು ಎದ್ದು ಚಹಾ ಹಿಡಿದು ಕೂತ ಕೂಡಲೇ ಅವಳ ಫೋನು ಬರುತ್ತಿತ್ತು. ಅರ್ಧ ಗಂಟೆ ಮಾತು. ನಾನೇ ಎಳೆಯುತ್ತಿದ್ದೆ. ಊಟಕ್ಕೆ ಎಂತ, ಕಾಲುಚೀಲ ಒಣಗಿತಾ, ಮತ್ತೆ ಹೇಳು, ಮತ್ತೆ. ಆ ಅರ್ಧ ಗಂಟೆಗಾಗಿ ಉಳಿದ ಆರು ದಿನ ತಳ್ಳುತ್ತಿದ್ದೆ.

ಕಳೆದ ವಸಂತದಲ್ಲಿ, ಒಂದು ಗುರುವಾರ, ಊರಿನವರಿಗಾಗಿ ತಾನು ಬರೆದ ಎಚ್ಚರಿಕೆಯ ಹಾಳೆಯನ್ನು ನನಗೂ ಕಳಿಸಿದಳು. ರಾತ್ರಿಯ ಚಳಿಗೆ ಹಿಮ ಕಲ್ಲಾಗಿರುತ್ತದೆ, ಬೆಳಿಗ್ಗೆ ಅದರ ಮೇಲೆ ನಡೆಯಬಹುದು. ಬಿಸಿಲೇರಿದಂತೆ ಮೇಲಿನ ಪದರ ಮೆತ್ತಗಾಗಿ, ಕರಗಿದ ನೀರು ಒಳಗಿಳಿದು, ಪದರಗಳ ಹಿಡಿತ ತಪ್ಪುತ್ತದೆ. ಆಮೇಲೆ ಒಬ್ಬರ ಹೆಜ್ಜೆ ಸಾಕು, ಇಡೀ ಇಳಿಜಾರು ಕೆಳಗೆ ಬರುತ್ತದೆ. ಹನ್ನೊಂದರ ನಂತರ ಯಾರೂ ಮೇಲೆ ಇರಕೂಡದು. ಬೆಟ್ಟದಲ್ಲಿ ಮಳೆಯಾದರೆ ಒಣಗಿದ ವಾದಿಗೆ, ಅಂದರೆ ಹೊಳೆಯ ಪಾತ್ರಕ್ಕೆ, ಕಾರು ಇಳಿಸಬಾರದೆಂದು ಈ ದೇಶದಲ್ಲಿ ಕಲಿತವನು ನಾನು, ಬೇಗ ಅರ್ಥವಾಯಿತು. ಮಗಳು ಜಾಣೆ ಎಂದು ಹೆಮ್ಮೆಪಟ್ಟು ನಾಲ್ಕು ಜನರಿಗೆ ಫಾರ್ವರ್ಡ್ ಮಾಡಿದೆ.

ಮರುದಿನ ಮಾತಿನ ನಡುವೆ, ಲಾರಿಯಿಂದ ಜಲ್ಲಿ ಸುರಿದ ಹಾಗೆ ಫೋನಿನಲ್ಲಿ ಸದ್ದು ಕೇಳಿತು.

"ಅದೆಂತ ಸದ್ದು?"

"ಆಚೆ ಗುಡ್ಡದಲ್ಲಿ ಜಾರಿತು ಅಪ್ಪ. ನಮ್ಮ ಸೈಡ್ ಅಲ್ಲ."

"ನೀನೀಗ ಎಲ್ಲಿದ್ದಿ?"

"ಮೇಲೆ. ಕೆಳಗೆ ನೆಟ್‌ವರ್ಕ್ ಎಲ್ಲುಂಟು? ನೀವು ಇಟ್ಟ ಮೇಲೆ ಇಳೀತೇವೆ."

ಗಡಿಯಾರ ನೋಡಿದೆ. ಹತ್ತೂಕಾಲು. ಅವಳಲ್ಲಿ ಒಂದೂವರೆ ಗಂಟೆ ಮುಂದೆ, ಹನ್ನೊಂದು ಮುಕ್ಕಾಲು.

"ಕೆಲಸ ಎಷ್ಟು ಹೊತ್ತಿಗೆ ಮುಗಿದದ್ದು?"

"ಒಂಬತ್ತಕ್ಕೆ."

"ಮತ್ತೆ ಎಂತಕ್ಕೆ ಕೂತದ್ದು ಅಲ್ಲಿ?"

"ಫ್ರೈಡೇ ಹತ್ತರ ಮೊದಲು ಅಪ್ಪನನ್ನು ಎಬ್ಬಿಸ್ಬಾರ್ದಲ್ವಾ," ಎಂದಳು.

ಆ ನಿಯಮ ನನ್ನದೇ. ಅವಳಿಗೆ ಆರು ವರ್ಷವಿದ್ದಾಗ, ಬಿಡಿಸಿದ ಚಿತ್ರ ತೋರಿಸಲು ಬಂದು ಎಬ್ಬಿಸಿದ್ದಕ್ಕೆ ರೇಗಿ ಮಾಡಿದ್ದು. ನಾನು ಮರೆತಿದ್ದೆ. ಅವಳು ಮರೆಯದೆ, ಜೊತೆಗೆ ಕೆಲಸ ಮಾಡುವ ಇಬ್ಬರನ್ನೂ ಕೂರಿಸಿಕೊಂಡು, ಕಾಲಡಿಯ ಹಿಮ ಮೆತ್ತಗಾಗುತ್ತಿರುವಾಗ ನನ್ನ ನಿದ್ದೆ ಮುಗಿಯಲೆಂದು ಕಾದಿದ್ದಳು. ನಾಚಿಕೆಯಾಯಿತು; ಈಗಲೇ ಇಳಿ ಎಂದು ಫೋನಿಟ್ಟೆ. ಆ ದಿನ ಅವರು ಹಿಂಬದಿಯ ನೆರಳಿನ ದಾರಿ ಹಿಡಿದು, ಸುತ್ತಿ ಇಳಿದರಂತೆ. ಅದು ನನಗೆ ತಿಳಿದದ್ದು ಮಾರನೆಯ ದಿನ, ಅವಳು ಮತ್ತೆ ಮೇಲೆ ಹತ್ತಿ ಮೆಸೇಜ್ ಕಳಿಸಿದಾಗ. ಅಲ್ಲಿಯವರೆಗೆ ಗಂಡ ಹೆಂಡತಿ ಇಬ್ಬರೂ ಒಂದು ತುತ್ತು ಸರಿಯಾಗಿ ಉಣ್ಣಲಿಲ್ಲ.

ಈಗ ಶುಕ್ರವಾರ ಆರಕ್ಕೇ ಏಳುತ್ತೇನೆ. ಏಳೂವರೆಗೆ, ಅಲ್ಲಿ ಒಂಬತ್ತಕ್ಕೆ ಕೆಲಸ ಮುಗಿದ ಕೂಡಲೇ, ಫೋನು ಬರುತ್ತದೆ. "ಇವತ್ತು ಹಿಮ ಗಟ್ಟಿ ಉಂಟು ಅಪ್ಪ, ಸ್ವಲ್ಪ ಮಾತಾಡ್ಬಹುದು," ಎನ್ನುತ್ತಾಳೆ. ಕೇಳಬೇಕಾದದ್ದು ನೂರು ಇರುತ್ತದೆ. ಆ ಸ್ವರವನ್ನು ಇಡೀ ದಿನ ಕೇಳುತ್ತಾ ಕೂರುವ ಆಸೆಯಾಗುತ್ತದೆ. "ಖಲಾಸ್, ಸಾಕು, ಇಳಿ ಮಾರಾಯ್ತಿ," ಎಂದು ನಾನೇ ಕಟ್ ಮಾಡುತ್ತೇನೆ. ಅದನ್ನು ಸಿಡುಕಿಯೇ ಹೇಳಬೇಕು. ಪ್ರೀತಿಯಿಂದ ಹೇಳಿದರೆ ಇನ್ನೈದು ನಿಮಿಷ ಕೂತುಬಿಡುತ್ತಾಳೆ.