ಕೋಳಿಯ ಗಂಟಲು ಬಲ್ಲ ರೇಣವ್ವ

ಬೆಳಗಿನ ಐದೂವರೆ. ಮಸೂತಿ ಎಂಬ ಊರಿನ ಶಂಕ್ರೆವ್ವನವರ ಅಡುಗೆಮನೆಯ ಮೂಲೆಯಲ್ಲಿ, ಬುಟ್ಟಿಯೊಂದರ ಮುಂದೆ ರೇಣವ್ವ ಕುಕ್ಕರಗಾಲಲ್ಲಿ ಕೂತಿದ್ದಾರೆ. ಬುಟ್ಟಿಯೊಳಗೆ ಹನ್ನೊಂದು ತತ್ತಿಗಳ ಮೇಲೆ ಕಾವಿಗೆ ಕೂತ ಕೆಂಪು ಜವಾರಿ ಕೋಳಿ. ಅದರ ಕೊರಳ ಕೆಳಗೆ, ಎದೆಯ ಮೇಲಿರುವ ಕಾಳಿನ ಚೀಲವನ್ನು ರೇಣವ್ವ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುತ್ತಾರೆ. ಆಮೇಲೆ ಕೊಕ್ಕಿನ ಹತ್ತಿರ ಮೂಗು ಒಯ್ದು ಮೂಸಿ, ಮುಖ ಸಿಂಡರಿಸುತ್ತಾರೆ.

"ಏನ್ ತಿನ್ನಿಸೀದಿ ತಂಗಿ ಇದಕ್ಕ?"

"ಮಾದಲಿ, ಯಕ್ಕಾ," ಎನ್ನುತ್ತಾರೆ ಶಂಕ್ರೆವ್ವ. "ಕಾವಿಗೆ ಕುಂತದ್ದು ಬಾಣಂತಿ ಇದ್ದಂಗ ಅಲ್ಲೇನು? ಅದಕ್ಕ ದಿನಾ ಬೆಲ್ಲ ಹಾಕಿ, ಒಂಚೂರು ತುಪ್ಪಾ ಹಾಕಿ..."

"ತುಪ್ಪಾನೂ ಹಾಕೀದಿ! ಇನ್ನ ತೊಟ್ಟಲಾ ಕಟ್ಟೂದೊಂದು ಉಳದಿತ್ತು."

ಬೈಗುಳ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಕೆಲಸ ಬಹಳ ಇದೆ. ಮಾದಲಿಯ ಗೋಧಿ, ಬೆಲ್ಲದ ಸಿಹಿಗೆ ಚೀಲದೊಳಗೆ ಯೀಸ್ಟ್ ಎಂಬ ಬೂಷ್ಟು ಹಬ್ಬಿದೆ. ತಿಂದದ್ದು ಕೆಳಗಿಳಿಯದೆ ಅಲ್ಲೇ ಹುಳಿತು ನಿಂತಿದೆ. ಈ ಭಾಗದ ಹೆಣ್ಣುಮಕ್ಕಳು ಕೋಳಿಯ ಮೇಲಿನ ಅಕ್ಕರೆಯಿಂದಲೇ ಮಾಡುವ ತಪ್ಪಿದು.

ಇಂಗಳೇಶ್ವರದ ರೇಣವ್ವನಿಗೆ ಈಗ ಐವತ್ತೆಂಟು. ಹೊಲದ ಕೂಲಿ ಅವರ ಹೊಟ್ಟೆಪಾಡು, ಕೋಳಿಯ ಆರೈಕೆ ಅವರ ಹುಚ್ಚು. ವಾರದಲ್ಲಿ ನಾಲ್ಕು ನಸುಕು ಯಾರದೋ ಬೈಕಿನ ಹಿಂದೆ ಕೂತೋ, ಹಿಂದಿನ ಸಂಜೆಯ ಬಸ್ಸಿಗೇ ಹೋಗಿ ಉಳಿದೋ ಊರೂರು ಸುತ್ತುತ್ತಾರೆ. ನಾಲತವಾಡದವರೆಗೂ ಹೋಗಿದ್ದುಂಟು. ಒಂದೊಂದು ಊರಲ್ಲಿ ಇಪ್ಪತ್ತು, ಮೂವತ್ತು ಕೋಳಿಗಳ ಗಂಟಲು ಮುಟ್ಟುತ್ತಾರೆ. ಕೋಳಿ ಬದುಕಿ ಮತ್ತೆ ತತ್ತಿ ಇಟ್ಟರೆ ಮೊದಲನೆಯದು ರೇಣವ್ವನಿಗೆ, ಅಷ್ಟೇ ಅವರ ಸಂಬಳ.

ನಸುಕಿನಲ್ಲೇ ಯಾಕೆ ಎಂದು, ಅವರ ಬಗ್ಗೆ ಬರೆಯಲು ಜೊತೆಗೆ ಬಂದ ನಾನು ಕೇಳಿದರೆ, ನನ್ನನ್ನು ಶಾಲೆಗೆ ಹೋಗದವನಂತೆ ನೋಡುತ್ತಾರೆ. "ರಾತ್ರಿ ತಿಂದದ್ದು ಬೆಳಗಾಗೂದ್ರಾಗ ಕರಗಿ ಚೀಲ ಖಾಲಿ ಆಗಿರ್ಬೇಕ್ರಿ. ಕಾಳು ತಿಂದ ಮ್ಯಾಲೆ ನೋಡಿದ್ರ ಎಲ್ಲಾವೂ ತುಂಬಿದಂಗ ಇರ್ತಾವು. ಬರ್ರಿ, ಕೈ ತರ್ರಿ ಇಲ್ಲೆ." ನನ್ನ ಬೆರಳನ್ನೇ ಎಳೆದು ಕೋಳಿಯ ಎದೆಗೆ ಹಚ್ಚುತ್ತಾರೆ. ನೀರು ತುಂಬಿದ ಬಲೂನು ಮುಟ್ಟಿದಂತಾಗುತ್ತದೆ. ಕಲ್ಲಿನಂತೆ ಗಟ್ಟಿಯಿದ್ದಿದ್ದರೆ ಹುಲ್ಲೋ ದಾರವೋ ಸಿಕ್ಕಿಕೊಂಡಿದೆ ಎಂದರ್ಥವಂತೆ. ಅದರ ಉಪಚಾರವೇ ಬೇರೆ.

ಈ ವಿದ್ಯೆ ಅವರಿಗೆ ಬಂದದ್ದು ಒಂದು ಕೋಳಿಯನ್ನು ಕೊಂದು. ಮೊದಮೊದಲು ಎಲ್ಲರಂತೆ ಅವರೂ ಕೋಳಿಯನ್ನು ತಲೆಕೆಳಗು ಹಿಡಿದು ಹುಳಿನೀರು ಕಕ್ಕಿಸುತ್ತಿದ್ದರು. ಒಮ್ಮೆ ಆ ನೀರು ಉಸಿರಿನ ಕೊಳವೆಗೆ ಹೋಗಿ ನೆರೆಮನೆಯ ಕೋಳಿ ಕೈಯಲ್ಲೇ ಪ್ರಾಣ ಬಿಟ್ಟಿತು. "ಎರಡ ದಿನಾ ಅನ್ನ ಸೇರಲಿಲ್ರಿ ನನಗ," ಎನ್ನುತ್ತಾರೆ. ಮೂರನೆಯ ದಿನ ಬಸವನ ಬಾಗೇವಾಡಿಗೆ ಹೋಗಿ ಪಶುವೈದ್ಯೆ ಭುವನೇಶ್ವರಿಯವರ ಮುಂದೆ ನಿಂತರು. ವೈದ್ಯೆ ಕಲಿಸಿದರು, ಇವರು ಕಲಿತರು. ಇವತ್ತಿಗೂ ಬೂಷ್ಟಿನ ಔಷಧಿ ಅವರನ್ನು ಕೇಳಿಯೇ ಹಾಕುವುದು. ತಮಗೆ ತಿಳಿಯದ್ದಿದ್ದರೆ ನೇರ ದವಾಖಾನೆಗೆ ಕಳಿಸುತ್ತಾರೆ.

ಕೆಲವು ಮನೆಗಳಲ್ಲಿ ಜಾತಿ ನೋಡಿ ಅವರನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದರು. ಅದನ್ನು ಹೇಳುವಾಗ ರೇಣವ್ವ ದನಿ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. "ಕಾವಿನ ಕೋಳಿ ಅಡಗಿಮನ್ಯಾಗ ಇರ್ತೈತ್ರಿ. ನನ್ನ ಹೊರಗ ನಿಲ್ಸಿದ್ರ ಅದನ್ನ ನೋಡೋರ್ಯಾರು? ಒಳಗ ಕರದ್ರ ಬರ್ತೇನಿ, ಇಲ್ಲಂದ್ರ ಹೊಂಟೆ ಅಂದೆ. ಕರದ್ರು."

ಶಂಕ್ರೆವ್ವನವರ ಕೋಳಿಯ ಕಥೆ ಬರೀ ಕೋಳಿಯದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯಾಗಿ ಬರುವಾಗ ಅವರ ತಾಯಿ ಮಡಿಲಿಗೆ ಕೊಟ್ಟ ಜೋಡಿ ಕೋಳಿಯ ಸಂತತಿ ಇದು. ತಾಯಿ ಈಗಿಲ್ಲ. ಹೋದ ತಿಂಗಳು ಬಂದ ಕೊಕ್ಕರೆ ರೋಗ ಹದಿನಾಲ್ಕು ಕೋಳಿಗಳನ್ನು ಒಯ್ದಿತು, ಉಳಿದದ್ದು ಇದೊಂದೇ. ತತ್ತಿಗಳಿಗೆ ಇವತ್ತು ಹದಿನೇಳನೆಯ ದಿನ, ಮರಿಯಾಗಲು ಇನ್ನೂ ನಾಲ್ಕು ದಿನ ಬೇಕು. ಕೋಳಿಯನ್ನು ಉಪಚಾರಕ್ಕೆ ಎಬ್ಬಿಸಿದರೆ ತತ್ತಿ ತಣ್ಣಗಾಗುತ್ತವೆ, ಎಬ್ಬಿಸದಿದ್ದರೆ ಕೋಳಿ ಸಾಯುತ್ತದೆ.

"ಸಾಯೂದಕ್ಕಿಂತ ಮೊದಲ ಕೊಯ್ದು ಬಿಡೂಣು ಅಂದ್ರ ಕೇಳವಲ್ಲಳ್ರಿ," ಎಂದು ಗಂಡ ಮಾಳಿಂಗ ಬಾಗಿಲಲ್ಲಿ ನಿಂತು ಗೊಣಗುತ್ತಾರೆ.

"ನಿನ್ನ ನಾಲಿಗಿ ಒಂದ ನಾಕ ದಿನಾ ತಡಕೋಲಿ, ತಮ್ಮಾ," ಎನ್ನುತ್ತಾ ರೇಣವ್ವ ತಮ್ಮ ಚೀಲದ ಬಾಯಿ ಬಿಚ್ಚುತ್ತಾರೆ. ನಾನು ಔಷಧಿ ತೆಗೆಯುತ್ತಾರೆಂದುಕೊಂಡರೆ, ಒಳಗಿಂದ ಕರೀ ಕೋಳಿಯೊಂದು ತಲೆ ಹೊರಹಾಕುತ್ತದೆ! ಅದೂ ಕಾವಿಗೆ ಬಂದ ಕೋಳಿಯೇ. ಇಂಥ ಕರೆ ಬಂದಾಗ ಜೊತೆಗೆ ಒಯ್ಯಲೆಂದೇ ಅವರು ಮನೆಯಲ್ಲಿ ಐದಾರು ಸಾಕಿದ್ದಾರೆ. ಕೆಂಪು ಕೋಳಿ ಕೆಂಪಿಯನ್ನು ಎತ್ತಿದ ಕೈ ಬಿಡುವುದರೊಳಗೆ ಈ ಕರಿಯವ್ವ ತತ್ತಿಗಳ ಮೇಲೆ ಕೂತು, ರೆಕ್ಕೆ ಹರಡಿ, ಇದು ತನ್ನದೇ ಮನೆ ಎನ್ನುವಂತೆ ಕಣ್ಣು ಮುಚ್ಚುತ್ತದೆ.

ಕೆಂಪಿಗೆ ಬೇರೆ ಬುಟ್ಟಿ. ಕಾವಿನ ಗುಂಗು ಹೋಗಬಾರದೆಂದು ಹೊಟ್ಟೆಯ ಕೆಳಗೆ ತತ್ತಿಯ ಬದಲು ಎರಡು ದುಂಡನೆಯ ಉಳ್ಳಾಗಡ್ಡಿ. ಪಾಪ, ಅವನ್ನೇ ಕೊಕ್ಕಿನಿಂದ ಹೊರಳಿಸಿಕೊಂಡು ಕೂರುತ್ತದೆ. ಒಂದು ದಿನ ಕಾಳಿಲ್ಲ, ಶುದ್ಧ ನೀರು ಮಾತ್ರ. ದಿನಕ್ಕೆ ನಾಲ್ಕು ಸಲ ಚೀಲವನ್ನು ಮೆತ್ತಗೆ ನೀವಬೇಕು, ಕೋಳಿಯನ್ನು ನೆಟ್ಟಗೇ ಹಿಡಿದು. ಬೂಷ್ಟಿನ ಹನಿ ಔಷಧಿ ಕೊಕ್ಕಿನ ಪಕ್ಕದಿಂದ, ವೈದ್ಯೆ ಫೋನಿನಲ್ಲಿ ಹೇಳಿದಷ್ಟೇ. "ಬೆಲ್ಲದ ಡಬ್ಬಿ ಮ್ಯಾಲಿಡು," ಎಂಬುದು ಶಂಕ್ರೆವ್ವನವರಿಗೆ ಕೊನೆಯ ಎಚ್ಚರಿಕೆ.

ಎರಡನೆಯ ದಿನ ಕೆಂಪಿ ಕತ್ತು ಎತ್ತಲಿಲ್ಲ ಎಂದು ಫೋನು ಬಂತು. ರೇಣವ್ವ ಕೂಲಿ ಬಿಟ್ಟು ಮಸೂತಿಗೆ ಹೋದರು, ಇಡೀ ದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು ನೀವಿದರು. ಮೂರನೆಯ ಬೆಳಗ್ಗೆ ಚೀಲ ಅರ್ಧ ಇಳಿಯಿತು. ಇಪ್ಪತ್ತನೆಯ ದಿನದ ನಸುಕಿಗೆ ಪೂರ್ತಿ ಖಾಲಿ. ಕರಿಯವ್ವನನ್ನು ಎತ್ತಿ ಕೆಂಪಿಯನ್ನು ಅದರ ಜಾಗಕ್ಕೆ ಬಿಟ್ಟರು. ಅದು ಒಂದು ಸಲ ಸುತ್ತಿ ನೋಡಿ ಕೂತಿತು.

ಮಾರನೆಯ ದಿನ ನಾನು ಹೋದಾಗ ಬುಟ್ಟಿಯ ತುಂಬ ಚಿಂವ್ ಚಿಂವ್ ಗದ್ದಲ. ಹನ್ನೊಂದರಲ್ಲಿ ಒಂಬತ್ತು ಮರಿ. ಮಾಳಿಂಗ ತಾವೇ ನುಚ್ಚು ಸಣ್ಣಗೆ ಕುಟ್ಟುತ್ತಿದ್ದಾರೆ. ಶಂಕ್ರೆವ್ವ ಅಳುವುದನ್ನು ಮುಚ್ಚಿಡುತ್ತಿಲ್ಲ. ರೇಣವ್ವನ ಎರಡೂ ಕೈ ಹಿಡಿದು, "ನಮ್ಮವ್ವನ್ನ ಎರಡನೇ ಸಲ ಕಳಕೊಳ್ಳೂದಿತ್ತು ಯಕ್ಕಾ. ಏನ್ ಬೇಕ್ ಕೇಳು," ಎನ್ನುತ್ತಾರೆ.

ಇಷ್ಟು ವರ್ಷದಲ್ಲಿ ಒಂದು ತತ್ತಿಗಿಂತ ಹೆಚ್ಚು ಕೇಳದ ರೇಣವ್ವ ಈ ಸಲ ತಡಮಾಡದೆ ಕೇಳುತ್ತಾರೆ.

"ದೊಡ್ಡವು ಆದ ಮ್ಯಾಲೆ ಎರಡು ಹೆಣ್ಣುಮರಿ ಕೊಡು. ನಮ್ಮೂರಾಗ ಬೆಳಸ್ತೇನಿ. ಮುಂದ ಯಾವಾಗರೆ ನಿಮ್ಮೂರಿಗೆ ರೋಗ ಬಂದು ಎಲ್ಲಾ ಹೋದ್ರ, ಅಳಕೋತ ಕುಂದ್ರಬ್ಯಾಡ. ಇಂಗಳೇಶ್ವರಕ್ಕ ಬಾ, ನಿಮ್ಮವ್ವನ ಕೋಳಿ ಹೊಳ್ಳಿ ಒಯ್ಯಿ."