ಪೆಟ್ರೋಲ್ ಕುಡಿದವರು ಯಾರು?

ಡುಬ್… ಡುಬ್… ಡುಬ್. ಕಪ್ಪು ಹೊಗೆಯ ಜೊತೆ ಸೈಲೆನ್ಸರ್‌ನಿಂದ ಬರುತ್ತಿದ್ದ ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ತೊಂಬತ್ತರ ದಶಕದ ಕೊನೆ. ಶಿಕಾರಿಪುರದ ಖಾಸಗಿ ತರಬೇತಿ ಸಂಸ್ಥೆಯೊಂದರಲ್ಲಿ ನಾನು ಆಟೋ ಎಲೆಕ್ಟ್ರಿಕಲ್ ಕಲಿಸುತ್ತಿದ್ದೆ. ಕಾರ್ಬುರೇಟರ್ ಇಲ್ಲದ, ಕಂಪ್ಯೂಟರೇ ಪೆಟ್ರೋಲ್ ಅಳೆದು ಕೊಡುವ ಕಾರುಗಳು ನಮ್ಮ ಕಡೆ ಆಗಷ್ಟೇ ಕಾಣಿಸಿಕೊಂಡಿದ್ದವು.

ಅಂಥದೊಂದು ಕಾರು ತಂದವರು ಸೊರಬದ ಅಕ್ಕಿ ಗಿರಣಿಯ ಚನ್ನವೀರಪ್ಪನವರು. ಮೈಲೇಜ್ ಇಳಿಯುತ್ತಲೇ ಇತ್ತು. ಡ್ರೈವರ್ ಹಾಲೇಶ ಪೆಟ್ರೋಲ್ ಕದಿಯುತ್ತಾನೆಂದು ಗಿರಣಿ ಅಂಗಳದಲ್ಲಿ ಎಲ್ಲರೆದುರು ಬೈದು, ಅವನ ಕೈಯಲ್ಲೇ ಕಾರು ಓಡಿಸಿಕೊಂಡು ಬಂದಿದ್ದರು.

"ಗಾಡಿ ಸರಿ ಇದೆ ಅಂತ ಒಂದು ಮಾತು ಹೇಳ್ರಿ ಮೇಡಂ, ಸಾಕು. ಇವನನ್ನ ಇವತ್ತೇ ಮನೆಗೆ ಕಳಿಸ್ತೀನಿ."

"ಪೆಟ್ರೋಲು ನಾನು ಕದ್ದಿದ್ರೆ ಈ ಹೊಗೆ ಎಲ್ಲಿಂದ ಬರ್ತದ್ರಿ ಯಜಮಾನ್ರೆ?" ಎಂದ ಹಾಲೇಶ.

ಮಾತು ನ್ಯಾಯವಾಗಿತ್ತು. ಕಪ್ಪು ಹೊಗೆ ಎಂದರೆ ಎಂಜಿನ್ನಿಗೇ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ ಎಂದರ್ಥ. ಇನ್‌ಟೇಕ್ ಏರ್ ಟೆಂಪರೇಚರ್ ಸೆನ್ಸರ್ ಎಂಬುದೊಂದಿದೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಎಷ್ಟು ಬಿಸಿ ಎಂದು ಕಂಪ್ಯೂಟರ್‌ಗೆ ತಿಳಿಸುವ ಪುಟ್ಟ ಭಾಗ. ಗಾಳಿ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಇಳಿಯಬೇಕು. ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಕಲಿಸಿದ ಫಿಸಿಕ್ಸ್ ಅಷ್ಟಕ್ಕೆ ಸಾಕಿತ್ತು. ಸೆನ್ಸರಿನಿಂದ ಬರುವ ವೈರಿನ ಕಂಪ್ಯೂಟರ್ ತುದಿಯಲ್ಲಿ ಅಳೆದೆ: ಹತ್ತು ಸಾವಿರ ಓಮ್ಸ್. ಹಿಮ ಬೀಳುವ ಊರಿನ ಲೆಕ್ಕ! ಗಾಳಿ ತಣ್ಣಗಿದ್ದಷ್ಟೂ ಪೆಟ್ರೋಲ್ ಹೆಚ್ಚು ಬೇಕು; ಗಾಳಿ ಕೊರೆಯುತ್ತಿದೆ ಎಂದು ನಂಬಿ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಿತ್ತು. ಸೆನ್ಸರ್ ಬಿಚ್ಚಿ ನೇರವಾಗಿ ಅಳೆದರೆ ಬರೀ ಎರಡು ಸಾವಿರ. ಕ್ಯಾಂಟೀನಿನ ಬಿಸಿನೀರಿಗೆ ಅದ್ದಿದಾಗ ಮುನ್ನೂರರ ಹತ್ತಿರ ಇಳಿಯಿತು. ಪರ್ಫೆಕ್ಟ್. ಹಾಗಾದರೆ ದೋಷ ಸೆನ್ಸರಿಗೆ ವೈರು ಕೂಡುವ ಕನೆಕ್ಟರ್‌ನಲ್ಲಿರಬೇಕು. ನೋಡಿದರೆ ಪಿನ್‌ಗಳಿಗೆ ಹಸಿರು ಕಿಲುಬು, ಮೇಲೊಂದು ಬೂದು ಬಣ್ಣದ ಗಟ್ಟಿ ಪದರ.

"ಇದೇನ್ರಿ ಇದು?"

ಚನ್ನವೀರಪ್ಪನವರು ಬಗ್ಗಿ ನೋಡಿದರು. ಮುಖ ಸಣ್ಣದಾಯಿತು. "ವಿಭೂತಿ. ಸೋಮವಾರ ಸೋಮವಾರ ಪೂಜೆ ಆದ್ಮೇಲೆ ನಾನೇ ನೀರಲ್ಲಿ ಕಲಸಿ ಹಚ್ತೀನಿ. ಗಾಡಿ ಉಸಿರು ತಗೊಳ್ಳೋ ಜಾಗ ಅಲ್ವೇನ್ರಿ…"

ಕ್ಲೀನ್ ಮಾಡಿ ಜೋಡಿಸಿದೆ. ಹೊಗೆ ನಿಂತಿತು.

"ಆಯ್ತು ಬಿಡೋ ಹಾಲೇಶ, ಗಾಡಿ ತೆಗಿ."

ಅವನು ಕದಲಲಿಲ್ಲ. "ಕಳ್ಳ ಅಂದಿದ್ದು ಗಿರಣಿ ಅಂಗಳದಾಗೆ. ಅಲ್ಲೇ ಹೇಳ್ರಿ. ಮೇಡಮ್ಮೋರೂ ಬರ್ಲಿ."

ಮೂವರೂ ಸೊರಬಕ್ಕೆ ಹೋದೆವು. ಹಮಾಲರೆಲ್ಲ ಮೂಟೆ ಇಳಿಸಿ ನಿಂತರು. "ಪೆಟ್ರೋಲು ಇವನು ಕದ್ದಿಲ್ಲ. ತಪ್ಪು ನಂದು," ಎಂದರು ಯಜಮಾನರು. ದನಿ ತಗ್ಗಿಸಲಿಲ್ಲ, ಅದು ಅವರ ದೊಡ್ಡತನ.

ವೈರಿನ ಎರಡೂ ತುದಿ ಅಳೆಯದೆ ಯಾವುದರ ಮೇಲೂ ದೂರು ಹೊರಿಸಬೇಡಿ ಎಂದು ಆಮೇಲೆ ಪ್ರತಿ ಬ್ಯಾಚಿಗೂ ಹೇಳುತ್ತಿದ್ದೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಹಾಲೇಶ ಕೀ ತೆಗೆದು ಎರಡೂ ಕೈಯಲ್ಲಿ ಯಜಮಾನರಿಗೆ ಕೊಟ್ಟ. "ಬರ್ತೀನ್ರಿ" ಎಂದು ಬಸ್ ಸ್ಟ್ಯಾಂಡ್ ಕಡೆ ನಡೆದ. ಶಿಕಾರಿಪುರದ ಬಸ್ಸಿಗೆಂದು ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಉಳವಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು, ಕಂಡಕ್ಟರ್‌ಗೆ ಏನೋ ಹೇಳಿ ಜೋರಾಗಿ ನಗುತ್ತಿದ್ದ. ಅವನನ್ನು ನೋಡಿದ್ದು ಅದೇ ಕೊನೆ. ನಾನು ಗಿರಣಿಯಿಂದ ಹೊರಡುವಾಗ ಚನ್ನವೀರಪ್ಪನವರು ಕೀ ಹಿಡಿದು ಕಾರಿನ ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ.