ಕಾರ್ಡಕ್ಕನ ರಾಜೀನಾಮೆ

ವಿಶ್ವವಿದ್ಯಾಲಯದ ಗ್ರಂಥಾಲಯದ ಕೌಂಟರಿನಲ್ಲಿ ಆಕೆ ಕೂರಲು ಶುರುಮಾಡಿ ಇಪ್ಪತ್ತೆಂಟು ವರ್ಷವಾಗಿತ್ತು. ಯಾವ ಪುಸ್ತಕ ಯಾರ ಬಳಿ ಇದೆಯೆಂದು ಕಾರ್ಡು ನೋಡದೆಯೇ ಹೇಳುತ್ತಿದ್ದುದರಿಂದ ವಿದ್ಯಾರ್ಥಿಗಳು ಅವರನ್ನು ಕಾರ್ಡಕ್ಕ ಎಂದೇ ಕರೆಯುತ್ತಿದ್ದರು. ಗಂಡನಿಗೆ ಆಪರೇಷನ್ ಆದ ಮರುದಿನವೂ ಹತ್ತು ಗಂಟೆಗೆ ಸರಿಯಾಗಿ ಕುರ್ಚಿಯಲ್ಲಿದ್ದವರು, ಕಂಪ್ಯೂಟರ್ ತರಬೇತಿಯ ದಿನ ಮಾತ್ರ ಹೊಟ್ಟೆನೋವೆಂದು ರಜೆ ಹಾಕಿದರು. ಎರಡನೇ ತರಬೇತಿಗೆ ಹಲ್ಲುನೋವು.

"ನೋವು ಬರೋಕೆ ಇನ್ನೆಷ್ಟು ಜಾಗ ಉಳಿದಿದೆ ಅಕ್ಕ?" ಎಂದು ನಕ್ಕ ಗ್ರಂಥಪಾಲಕಿ, ಅವರನ್ನು ಪರದೆಯ ಮುಂದೆ ಕೂರಿಸಿಯೇಬಿಟ್ಟರು.

ಒಂದೇ ಬೆರಳಲ್ಲಿ ಒತ್ತುತ್ತಾ ಎರಡು ವಾರ ಹೇಗೋ ತಳ್ಳಿದರು. ನಂಬಿಕೆ ಸಾಲದೆ ಪ್ರತಿಯೊಂದನ್ನೂ ಕಾರ್ಡಿನಲ್ಲೂ ಬರೆದಿಡುತ್ತಿದ್ದರು. ಊಟದ ಬಿಡುವೆಲ್ಲ ಅದಕ್ಕೇ ಹೋಗುತ್ತಿತ್ತು.

ಒಂದು ಸೋಮವಾರ ಮಧ್ಯಾಹ್ನ ಏನೋ ಒತ್ತಿದರು. ಪರದೆ ಖಾಲಿಯಾಯಿತು. ನಡುವೆ ಒಂದೇ ಸಾಲು: ಪುಸ್ತಕಗಳು ಸೊನ್ನೆ.

ಅರವತ್ತು ಸಾವಿರ ಪುಸ್ತಕಗಳ ಲೆಕ್ಕ! ಸಾಲಿನಲ್ಲಿ ನಿಂತವರನ್ನು ನಾಳೆ ಬನ್ನಿ ಎಂದು ಕಳಿಸಿ, ಬಿಳಿ ಹಾಳೆಯೊಂದರಲ್ಲಿ ರಾಜೀನಾಮೆ ಬರೆದು ಗ್ರಂಥಪಾಲಕಿಯ ಮೇಜಿನ ಮೇಲಿಟ್ಟರು.

"ಎಲ್ಲಾ ಅಳಿಸಿಬಿಟ್ಟೆ ಮೇಡಂ. ನನ್ನ ಕೈಯಾರೆ."

ಕಂಪ್ಯೂಟರ್ ವಿಭಾಗದವನು ಓಡಿಬಂದ. ಹುಡುಕುವ ಜಾಗದಲ್ಲಿ ಅರ್ಥವಿಲ್ಲದ ನಾಲ್ಕು ಅಕ್ಷರಗಳಿದ್ದವು. ಅವುಗಳನ್ನು ತೆಗೆದ ಕೂಡಲೇ ಪುಸ್ತಕಗಳ ಪಟ್ಟಿ ಮರಳಿ ಬಂತು. ನಗಲು ಹೊರಟವನು ಆಕೆಯ ಮುಖ ನೋಡಿ ದನಿ ಮೆತ್ತಗೆ ಮಾಡಿದ.

"ಅಮ್ಮಾ, ಅಳಿಸೋ ಅಧಿಕಾರ ನಿಮಗೆ ಕೊಟ್ಟೇ ಇಲ್ಲ. ಬೇಕೂಂತ ಒತ್ತಿದ್ರೂ ಒಂದು ಪುಸ್ತಕಾನೂ ಹೋಗಲ್ಲ. ತರಬೇತಿಯ ಮೊದಲ ದಿನವೇ ಹೇಳಿದ್ದೆನಲ್ಲ?"

"ಅವತ್ತು ನಂಗೆ ಹೊಟ್ಟೆನೋವು," ಎಂದರು ಕಾರ್ಡಕ್ಕ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. "ಇಷ್ಟು ವರ್ಷ ಜೋಡಿಸಿದ್ದು ನನ್ನಿಂದಲೇ ಹಾಳಾಗಿಬಿಟ್ರೆ ಅಂತ ಹೆದರ್ತಿದ್ದೆ. ಕೆಲಸ ಹೋಗುತ್ತೆ ಅಂತಲ್ಲಪ್ಪಾ."

ಗ್ರಂಥಪಾಲಕಿ ಹಾಳೆಯನ್ನು ಮಡಚಿ ಅವರ ಕೈಗೇ ವಾಪಸು ಕೊಟ್ಟರು.

ಆ ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರ್ಡಕ್ಕ ಪರದೆಯಲ್ಲಿದ್ದ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದರು. ಏನೂ ಕೆಡಲಿಲ್ಲ. ಕಾರ್ಡು ಬರೆಯುವುದನ್ನು ಬಿಡಲು ಮಾತ್ರ ಇನ್ನೂ ಮೂರು ತಿಂಗಳು ಬೇಕಾಯಿತು.

ನಿವೃತ್ತಿಗೆ ಮುಂಚಿನ ಎರಡು ವರ್ಷ ಹೊಸಬರಿಗೆ ಕೆಲಸ ಕಲಿಸಿದವರು ಅವರೇ. ಹೆದರಿ ಕೈ ಹಿಂದೆಗೆಯುವವರನ್ನು ಕಂಡರೆ ಗದರುತ್ತಿರಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, "ಮೊದಲು ಒಂದು ತಪ್ಪು ಮಾಡು, ನೋಡೋಣ," ಎನ್ನುತ್ತಿದ್ದರು.